ಕಾಶಿಯ ಅನ್ಸಾರಿಗಳು ನಕಲಿಯೇ?

ಕಾಶಿಗೆ ಹೋಗುವ ಕನ್ನಡಿಗರಲ್ಲಿ ಅನೇಕರು ಜಂಗಮವಾಡಿ ಮಠದಲ್ಲಿ ಇಳಿದುಕೊಳ್ಳುತ್ತಾರೆ. ಮಠದಿಂದ ಹೊರಬಿದ್ದು, ಗೊದೌಲಿಯಾ ವೃತ್ತಕ್ಕೆ ಬೆನ್ನು ಹಾಕಿ ದಕ್ಷಿಣಕ್ಕೆ ಸ್ವಲ್ಪ ನಡೆದರೆ ಮದನಪುರಾ. ರೇಷ್ಮೆ ಸೀರೆಯ ಕೇರಿ ಅದು. ಅಂಗಡಿಯ ಫಲಕ, ವೈದ್ಯರ ಫಲಕ, ಮದುವೆಯ ಕರೆಯೋಲೆ, ಚುನಾವಣೆಯ ಪೋಸ್ಟರು, ಎಲ್ಲದರ ಮೇಲೂ ಮತ್ತೆ ಮತ್ತೆ ಕಣ್ಣಿಗೆ ಬೀಳುವ ಅಡ್ಡಹೆಸರು ಒಂದೇ: ಅನ್ಸಾರಿ. ಊರಿನ ಇನ್ನೊಂದು ತುದಿಯ ಅಲೈಪುರಕ್ಕೆ ಹೋಗಲಿ, ಹೊರಗಿನ ಬಜರಡೀಹಾ, ಲೋಹ್ತಾಗಳಿಗೆ ಹೋಗಲಿ, ಮಗ್ಗದ ಸದ್ದು ಕೇಳಿದಲ್ಲೆಲ್ಲ ಈ ಹೆಸರೂ ಇರುತ್ತದೆ.

ಈ ಹೆಸರಿನ ಬಗ್ಗೆ ಉತ್ತರ ಭಾರತದಲ್ಲಿ ಒಂದು ಹಳೆಯ ಕುಹಕವಿದೆ. ಇವರು ಅಸಲಿ ಅನ್ಸಾರಿಗಳಲ್ಲ, ಜುಲಾಹರು. ಹೆಸರು ಎಲ್ಲಿಂದಲೋ ಎತ್ತಿಕೊಂಡು ಬಂದದ್ದು ಎಂದು. ಕುಹಕದೊಳಗಿನ ಮಾಹಿತಿ ಬಹುಮಟ್ಟಿಗೆ ಸರಿ. ತೀರ್ಮಾನ ಮಾತ್ರ ತಪ್ಪು.

ಅರಬಿಯಲ್ಲಿ ನ-ಸ-ರ ಎಂಬ ಮೂರು ವ್ಯಂಜನಗಳ ಧಾತುವಿಗೆ ನೆರವಾಗು ಎಂಬ ಅರ್ಥ. ನಾಸಿರ್, ನಸೀರ್, ನುಸ್ರತ್ ಎಲ್ಲವೂ ಇದೇ ಬೇರಿನವು. ಮನ್ಸೂರ್ ಕೂಡ, ದೇವರ ನೆರವು ಸಿಕ್ಕವನು, ಹಾಗಾಗಿ ಗೆದ್ದವನು. ಅನ್ಸಾರ್ ಎಂದರೆ ನೆರವಾದವರು. ಕೊನೆಯ 'ಈ'ಕಾರ ಸಂಬಂಧವನ್ನು ಸೂಚಿಸುವ ಪ್ರತ್ಯಯ. ಕ್ರಿಕೆಟಿಗ ಸಯ್ಯದ್ ಕಿರ್ಮಾನಿಯವರ ಹೆಸರಿನೊಳಗೆ ಇರಾನಿನ ಕಿರ್ಮಾನ್ ಊರು ಕೂತಿರುವುದು ಅದೇ ಪ್ರತ್ಯಯದಿಂದ. ಕ್ರಿ.ಶ. 622ರಲ್ಲಿ ಪ್ರವಾದಿ ಮುಹಮ್ಮದರು ಮೆಕ್ಕಾ ಬಿಟ್ಟು ಮದೀನಾಕ್ಕೆ ಬಂದಾಗ ಅವರಿಗೂ ಅವರೊಂದಿಗೆ ಬಂದ ವಲಸಿಗರಿಗೂ ಆಸರೆ ಕೊಟ್ಟ ಊರಿನವರಿಗೆ ಅನ್ಸಾರರು ಎಂಬ ಹೆಸರು ಬಂತು. ಅವರು ಔಸ್, ಖಜ್ರಜ್ ಎಂಬ ಎರಡು ಬುಡಕಟ್ಟುಗಳ ಜನ. ಹಿಂದೆ ಪರಸ್ಪರ ಹೊಡೆದಾಡಿಕೊಂಡವರು. ಇಬ್ಬರನ್ನೂ ಒಂದೇ ಹೆಸರು ಒಳಗೊಂಡಿತು.

ವಾದದ ಬುಡ ಇರುವುದು ಇಲ್ಲೇ. ಅನ್ಸಾರ್ ಹುಟ್ಟಿದಾಗ ವಂಶದ ಹೆಸರಾಗಿರಲಿಲ್ಲ, ಮಾಡಿದ ಕೆಲಸದ ಹೆಸರಾಗಿತ್ತು. ವಂಶದ ಗುರುತಾದದ್ದು ಆಮೇಲೆ. ಹುಟ್ಟಿನ ಹೆಸರನ್ನು ಹಿಂದೆ ಸರಿಸಿ ಬಂದ ಪದವನ್ನು ಹುಟ್ಟಿನ ಆಸ್ತಿಪತ್ರ ಮಾಡಿಕೊಂಡು, ನಿಮಗೆ ಇದರಲ್ಲಿ ಪಾಲಿಲ್ಲ ಎನ್ನುವುದು ವಿಚಿತ್ರ.

ಪಾಲು ತಮ್ಮದೇ ಎನ್ನುವ ಮನೆತನಗಳು ಇದ್ದೇ ಇವೆ. ಬನಾರಸಿಗೆ ಹತ್ತಿರದ ಗಾಜೀಪುರ ಜಿಲ್ಲೆಯ ಯೂಸುಫ್‌ಪುರದ ಅನ್ಸಾರಿ ಮನೆತನ ಅಂಥದ್ದು. 1927ರ ಮದ್ರಾಸ್ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷ ಡಾ. ಮುಖ್ತಾರ್ ಅಹ್ಮದ್ ಅನ್ಸಾರಿ ಈ ಮನೆಯವರು. 2007ರಿಂದ 2017ರವರೆಗೆ ಉಪರಾಷ್ಟ್ರಪತಿಯಾಗಿದ್ದ ಹಮೀದ್ ಅನ್ಸಾರಿಯವರೂ ಇದೇ ಬಳಗದವರು. ಲಖನೌದ ಫಿರಂಗಿ ಮಹಲಿನ ವಿದ್ವಾಂಸರೂ ತಮ್ಮ ಮೂಲವನ್ನು ಮದೀನಾದ ಅನ್ಸಾರರಿಗೆ ಜೋಡಿಸಿಕೊಂಡವರು. ಹೀಗೆ ಒಂದೇ ಸೀಮೆಯಲ್ಲಿ ಒಂದೇ ಹೆಸರಿನ ಎರಡು ಲೋಕಗಳು. ಬರೆಯುವಾಗ ವ್ಯತ್ಯಾಸವಿಲ್ಲ, ಹೆಣ್ಣು ಕೇಳಲು ಹೋದಾಗ ತಿಳಿಯುತ್ತದೆ.

ನೇಕಾರರು ಬಿಟ್ಟ ಹೆಸರು ಯಾವುದು? ಜುಲಾಹ ಪಾರಸಿಯಿಂದ ಬಂದ ಪದ, ನೇಯುವವನು ಎಂದಷ್ಟೇ ಅರ್ಥ. ಕಾಶಿಯ ಕಬೀರ ತನ್ನನ್ನು ಹಾಗೆಯೇ ಕರೆದುಕೊಂಡ, ಮುಜುಗರವಿಲ್ಲದೆ. ಆದರೆ ಕಬೀರನಿಗೆ ಸಂದ ಗೌರವ ಪದಕ್ಕೆ ಸಲ್ಲಲಿಲ್ಲ. ಹೊಲ ಮೇಯ್ದದ್ದು ಕತ್ತೆ, ಏಟು ತಿಂದದ್ದು ಜುಲಾಹ ಎಂಬ ಗಾದೆ ಇಂದಿಗೂ ಆ ಕಡೆ ಚಾಲ್ತಿಯಲ್ಲಿದೆ. ಅಂಥ ಗಾದೆಗಳನ್ನು ಬ್ರಿಟಿಷ್ ಅಧಿಕಾರಿಗಳು ಜಾತಿಕೋಶಗಳಲ್ಲಿ ಸಾಕ್ಷ್ಯದಂತೆ ಸೇರಿಸಿದರು. ದಡ್ಡ ಜುಲಾಹನ ಜೊತೆಗೆ ಮತಾಂಧ ಜುಲಾಹ ಎಂಬ ಮತ್ತೊಂದು ಪಡಿಯಚ್ಚೂ ಸಿದ್ಧವಾಯಿತು. ಈ ಪಡಿಯಚ್ಚು ಹೇಗೆ ತಯಾರಾಯಿತು ಎಂಬುದನ್ನು ಇತಿಹಾಸಕಾರ ಜ್ಞಾನೇಂದ್ರ ಪಾಂಡೆ 1990ರ ತಮ್ಮ ಪುಸ್ತಕದ ಒಂದು ಇಡೀ ಅಧ್ಯಾಯದಲ್ಲಿ ಬಿಡಿಸಿಟ್ಟಿದ್ದಾರೆ. 1901ರ ಬಂಗಾಳದ ಜನಗಣತಿ ವರದಿ ಮುಸ್ಲಿಮರನ್ನು ಅಶ್ರಾಫ್, ಅಜ್ಲಾಫ್, ಅರ್ಜಾಲ್ ಎಂದು ಮೇಲಿನಿಂದ ಕೆಳಕ್ಕೆ ಜೋಡಿಸಿ ಜುಲಾಹರನ್ನು ನಡುವಿನ ಮೆಟ್ಟಿಲಿಗೆ ಹಾಕಿತು. ಮುಂದೆ ಅಂಬೇಡ್ಕರ್ ಪಾಕಿಸ್ತಾನದ ಕುರಿತ ತಮ್ಮ ಪುಸ್ತಕದಲ್ಲಿ ಈ ವರದಿಯನ್ನೇ ಉಲ್ಲೇಖಿಸಿದರು.

ಇಂಥ ಹೆಸರನ್ನು ಹೊತ್ತುಕೊಂಡೇ ಇರಬೇಕೆಂದು ಹೇಳುವವರು ಅದನ್ನು ಒಂದು ದಿನ ಹೊತ್ತು ನೋಡಬೇಕು. ನೇಕಾರರು ಹಲವು ಹೆಸರುಗಳನ್ನು ತೊಟ್ಟು ನೋಡಿದರು. ಮೋಮಿನ್, ಅಂದರೆ ನಂಬಿಕೆಯುಳ್ಳವನು. ನೂರ್‌ಬಾಫ್, ಅಂದರೆ ಬೆಳಕನ್ನು ನೇಯುವವನು. ಎಷ್ಟು ಚೆಂದದ ಹೆಸರು, ಯಾಕೋ ನಿಲ್ಲಲಿಲ್ಲ. ನಿಂತದ್ದು ಮೋಮಿನ್ ಮತ್ತು ಅನ್ಸಾರಿ. ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ಈ ಹೆಸರುಗಳನ್ನು ಊರೂರಿಗೆ ಒಯ್ದದ್ದು ಬಿಹಾರ ಷರೀಫಿನ ಆಸಿಮ್ ಬಿಹಾರಿಯಂಥವರು ಕಟ್ಟಿದ ಮೋಮಿನ್ ಕಾನ್ಫರೆನ್ಸ್. ಅದರ ನಾಯಕ ಅಬ್ದುಲ್ ಕಯ್ಯೂಮ್ ಅನ್ಸಾರಿ ಮುಸ್ಲಿಂ ಲೀಗಿನ ದ್ವಿರಾಷ್ಟ್ರ ವಾದವನ್ನು ಬಹಿರಂಗವಾಗಿ ವಿರೋಧಿಸಿದರು. 1946ರ ಪ್ರಾಂತೀಯ ಚುನಾವಣೆಯಲ್ಲಿ ಆಸ್ತಿ, ಓದು ಇತ್ಯಾದಿ ಅರ್ಹತೆ ಇದ್ದವರಿಗಷ್ಟೇ ಮತವಿತ್ತು. ಮಗ್ಗದ ಮುಂದೆ ಕೂತ ಬಹುಪಾಲು ಜನರನ್ನು ದೇಶ ವಿಭಜನೆಯ ಬಗ್ಗೆ ಯಾರೂ ಕೇಳಲಿಲ್ಲ. ಇವತ್ತು ಅನ್ಸಾರಿ ಎಂಬ ಹೆಸರು ಕೇಳಿದೊಡನೆ ನಿಷ್ಠೆಯ ಪ್ರಮಾಣಪತ್ರ ಕೇಳುವವರಿಗೆ ಈ ಅಧ್ಯಾಯ ಗೊತ್ತಿರುವುದಿಲ್ಲ.

ಇದು ನೇಕಾರರೊಬ್ಬರ ಕತೆಯಲ್ಲ. ಕಟುಕರು ಖುರೇಷಿಗಳಾದರು, ದರ್ಜಿಗಳು ಇದ್ರೀಸಿ, ಕ್ಷೌರಿಕರು ಸಲ್ಮಾನಿ. ಹತ್ತಿ ಹಿಂಜುವವರು ಮನ್ಸೂರಿಗಳಾದದ್ದು ಬಹಳ ಸೊಗಸಾದ ಆಯ್ಕೆ. 922ರಲ್ಲಿ ಬಾಗ್ದಾದಿನಲ್ಲಿ ಕೊಲ್ಲಲ್ಪಟ್ಟ ಸೂಫಿ ಮನ್ಸೂರ್ ಹಲ್ಲಾಜನನ್ನು ಅವರು ನೆನೆದರು. ಹಲ್ಲಾಜ್ ಎಂದರೆ ಹತ್ತಿ ಹಿಂಜುವವನು ಎಂದೇ ಅರ್ಥ. ನಮ್ಮ ಉತ್ತರ ಕರ್ನಾಟಕದಲ್ಲಿ ಅದೇ ಕಸುಬಿನ ಪಿಂಜಾರರು ಬೇರೆ ದಾರಿ ಹಿಡಿದರು. ಅವರ ಅಡ್ಡಹೆಸರು ನದಾಫ್, ಅದೂ ಅರಬಿ, ಅದಕ್ಕೂ ಹತ್ತಿ ಹಿಂಜುವವನು ಎಂದೇ ಅರ್ಥ. ಕಸುಬನ್ನು ಬಿಡದೆ ಅದರ ಭಾಷೆಯನ್ನಷ್ಟೇ ಬದಲಿಸಿದರು.

ಹೆಸರು ಬದಲಿಸುವುದು ಮುಸ್ಲಿಮರ ವಿಶೇಷವೂ ಅಲ್ಲ. ಕ್ಷೌರಿಕರು ಸವಿತಾ ಸಮಾಜವಾದದ್ದು, ಅಗಸರು ಮಡಿವಾಳರೆಂದು ಕರೆಸಿಕೊಳ್ಳಲು ಬಯಸುವುದು ನಮ್ಮ ಕಣ್ಣೆದುರಿಗಿದೆ. ಹಳಗನ್ನಡದಲ್ಲಿ ಜೇಡ ಎಂದರೆ ನೇಕಾರ. ಬಲೆ ನೇಯುವ ಹುಳುವಿಗೂ ಅದೇ ಹೆಸರು. ಜೇಡರ ದಾಸಿಮಯ್ಯ ಎನ್ನಬೇಕೋ ದೇವರ ದಾಸಿಮಯ್ಯ ಎನ್ನಬೇಕೋ ಎಂಬ ಜಗಳದಲ್ಲಿ ಪಾಠಾಂತರಕ್ಕಿಂತ ಮಾನದ ಪ್ರಶ್ನೆಯೇ ದೊಡ್ಡದು. ಸವಿತಾ ಸಮಾಜದವರನ್ನು ಯಾರೂ ಸೂರ್ಯನೊಂದಿಗಿನ ರಕ್ತಸಂಬಂಧದ ದಾಖಲೆ ಕೇಳುವುದಿಲ್ಲ. ಬನಾರಸಿನ ನೇಕಾರನಿಗೆ ಮಾತ್ರ ಮದೀನಾದ ವಂಶವೃಕ್ಷ ತೋರಿಸು ಎನ್ನುವುದು ಯಾವ ನ್ಯಾಯ?

ಹಾಗೆಂದು ಹೆಸರು ಎಲ್ಲವನ್ನೂ ಮಾಡಿತು ಎನ್ನುವಂತಿಲ್ಲ. ಮಗ್ಗ, ನೂಲು ಹೊಂದಿಸಿ ಕೆಲಸ ಕೊಡಿಸುವ ಗಿರಹಸ್ತನೂ ಅನ್ಸಾರಿ, ಅವನ ಕೈಕೆಳಗೆ ಕೂಲಿಗೆ ನೇಯುವ ಕಾರೀಗರನೂ ಅನ್ಸಾರಿ. ಹೊರಗಿನವರ ತಾತ್ಸಾರದ ಎದುರು ಇಬ್ಬರನ್ನೂ ಒಟ್ಟಿಗೆ ನಿಲ್ಲಿಸಿದ ಹೆಸರು, ಇಬ್ಬರ ನಡುವಿನ ಲೆಕ್ಕವನ್ನು ಮುಚ್ಚಿಯೂ ಬಿಡುತ್ತದೆ. ಅಬ್ದುಲ್ ಬಿಸ್ಮಿಲ್ಲಾ 1986ರಲ್ಲಿ ಬನಾರಸಿನ ನೇಕಾರರ ಬಗ್ಗೆಯೇ ಬರೆದ ಹಿಂದಿ ಕಾದಂಬರಿಯ ಕಹಿಯೂ ಅದೇ. ಇನ್ನು ಮನೆಯೊಳಗೆ ಕಂಡಿಕೆ ಸುತ್ತುವ ಹೆಂಗಸರ ಹೆಸರು ಕೇಳಿದರೆ ಬಾನೋ, ಬೀಬಿ, ಖಾತೂನ್. ಅನ್ಸಾರಿ ಗಂಡಸರ ಫಲಕಕ್ಕೆ. ಹೆಸರಿನ ನ್ಯಾಯ ಕೇಳುವವರು ಈ ಅನ್ಯಾಯವನ್ನೂ ಮಾತಾಡಬೇಕಲ್ಲವೇ?

2009ರಲ್ಲಿ ಬನಾರಸ್ ಸೀರೆಗೆ ಭೌಗೋಳಿಕ ಸೂಚಕ ಸಿಕ್ಕಿತು. ಬನಾರಸ್ ಎಂಬ ಹೆಸರನ್ನು ಯಾರು ಬಳಸಬಹುದು ಎಂಬುದಕ್ಕೆ ಈಗ ಕಾನೂನಿದೆ, ಆದರೂ ವಿದ್ಯುತ್ ಮಗ್ಗದ ಅಗ್ಗದ ನಕಲು ಅದೇ ಹೆಸರಿನಲ್ಲಿ ನಮ್ಮೂರ ಅಂಗಡಿಗಳಿಗೂ ಬರುತ್ತದೆ. ನಕಲಿ ಎಂಬ ಮಾತಿಗೆ ಬೆಲೆ ಇರುವುದಾದರೆ ಅಲ್ಲಿ ಇರಬೇಕು.

ಉತ್ತರ ಪ್ರದೇಶದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಇವತ್ತು ಮೋಮಿನ್ (ಅನ್ಸಾರ್) ಎಂಬ ನಮೂದಿದೆ. ಕೀಳೆಂಬ ಹಣೆಪಟ್ಟಿ ಕಳಚಲು ತೊಟ್ಟ ಹೆಸರೇ ಈಗ ಹಿಂದುಳಿದಿರುವಿಕೆಗೆ ಪುರಾವೆ. ಕಾಶಿಯಲ್ಲಿ ಯಾರಿಗೂ ಇದು ವಿಚಿತ್ರವಾಗಿ ಕಾಣುವುದಿಲ್ಲ. ಅಲ್ಲಿ ಪ್ರತಿ ವರ್ಷ ಅಗಹನ್, ಅಂದರೆ ನಮ್ಮ ಮಾರ್ಗಶಿರ ಮಾಸದ ಒಂದು ಶುಕ್ರವಾರ ನೇಕಾರರು ಮಗ್ಗ ನಿಲ್ಲಿಸಿ ಪುಲ್‌ಕೊಹ್ನಾ ಈದ್ಗಾದಲ್ಲಿ ಸಾಮೂಹಿಕ ನಮಾಜಿಗೆ ಸೇರುತ್ತಾರೆ. ಅದನ್ನು ಅವರು ಅಗಹನಿ ಜುಮ್ಮಾ ಎನ್ನುತ್ತಾರೆ. ಮೊದಲ ಪದ ಪಂಚಾಂಗದ್ದು, ಎರಡನೆಯದು ಅರಬಿಯದ್ದು.