ಗಣಿಧೂಳನ್ನು ಬೈಯುವ ನಾವು ಒಲೆಯ ಹೊಗೆಗೇಕೆ ಮೌನ?

ಬಳ್ಳಾರಿಯ ಗಾಳಿ ಕೆಟ್ಟಿದೆ ಎಂದೊಡನೆ ನಾವು ಬೆರಳು ತೋರಿಸುವುದು ಸಂಡೂರಿನ ಗಣಿಗಳತ್ತ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯತ್ತ, ಕುಡತಿನಿಯ ವಿದ್ಯುತ್ ಸ್ಥಾವರದತ್ತ. ಅದು ತಪ್ಪೇನಲ್ಲ. ಆದರೆ ಅದೇ ಬೆರಳನ್ನು ನಮ್ಮ ಹಿತ್ತಲಿನ ಒಲೆಯತ್ತ, ಸಂಜೆ ನಾವು ಮುತ್ತಿಕೊಳ್ಳುವ ಒಗ್ಗರಣೆ-ಮಿರ್ಚಿ ಬಂಡಿಯತ್ತ ತಿರುಗಿಸಲು ಹಿಂಜರಿಕೆ ಏಕೆ?

ನಮ್ಮೂರಿನ ಹೆಸರು ಹೊತ್ತ ಮರವೊಂದಿದೆ: ಬಳ್ಳಾರಿ ಜಾಲಿ. ಬಡವರ ಒಲೆಗೆ ಅದೇ ಸೌದೆ. ಕುರುಗೋಡಿನ ಕಡೆ ಹತ್ತಿ ಮತ್ತು ಮೆಣಸಿನ ಕಟ್ಟಿಗೆ, ಸಿರುಗುಪ್ಪದ ಕಡೆ ಭತ್ತದ ಹೊಟ್ಟು ಅದರ ಜೊತೆಗೂಡುತ್ತವೆ. ಊದುಗೊಳವೆ ಹಿಡಿದು ಕಣ್ಣೊರೆಸಿಕೊಳ್ಳುವ ತಾಯಂದಿರನ್ನು ನೋಡುತ್ತಲೇ ಬೆಳೆದ ನಾವು ಆ ಕಣ್ಣೀರನ್ನು ಅಡುಗೆಯ ಭಾಗವೆಂದೇ ನಂಬಿಬಿಟ್ಟಿದ್ದೇವೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2020ರಲ್ಲಿ ಜಗತ್ತಿನಾದ್ಯಂತ ಮನೆಯೊಳಗಿನ ಹೊಗೆಗೆ ಬಲಿಯಾದವರು ಸುಮಾರು 32 ಲಕ್ಷ ಮಂದಿ. ಐದು ವರ್ಷದೊಳಗಿನ ಮಕ್ಕಳೇ ಎರಡು ಲಕ್ಷಕ್ಕೂ ಹೆಚ್ಚು.

2016ರಲ್ಲಿ ಉಜ್ವಲ ಯೋಜನೆ ಬಂತು, ಸಿಲಿಂಡರ್ ಮನೆಗೆ ಬಂತು. ಹೊಗೆ ಹೋಯಿತೇ? ದೇಶದಲ್ಲಿ ಉಜ್ವಲ ಕುಟುಂಬವೊಂದು 2019-20ರಲ್ಲಿ ವರ್ಷಕ್ಕೆ ತುಂಬಿಸಿಕೊಂಡದ್ದು ಸರಾಸರಿ ಮೂರು ಸಿಲಿಂಡರ್; 2024-25ರಲ್ಲೂ ನಾಲ್ಕೂವರೆಯ ಆಸುಪಾಸು. ಉಳಿದ ದಿನಗಳ ಅನ್ನ ಬೇಯುವುದು ಯಾವುದರ ಮೇಲೆ? ಸಿಲಿಂಡರ್ ಕೊಟ್ಟ ಫೋಟೋ ಗೋಡೆಯ ಮೇಲಿದೆ. ಅದೇ ಗೋಡೆ ಮಸಿಯಿಂದ ಕಪ್ಪಾಗುತ್ತಲೇ ಇದೆ.

ಗ್ಯಾಸ್ ಬಂದರೆ ಎಲ್ಲ ಮುಗಿಯಿತೆಂಬ ಭ್ರಮೆಯೂ ಬೇಡ. ಕಾದ ಎಣ್ಣೆಯಲ್ಲಿ ಕರಿಯುವಾಗ ಏಳುವ ಹೊಗೆ ಬಹುಶಃ ಕ್ಯಾನ್ಸರ್‌ಕಾರಕವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ತಜ್ಞರು 2006ರಲ್ಲೇ ತೀರ್ಮಾನಿಸಿದರು. ನಾವು ನಾಲ್ಕು ಮಿರ್ಚಿ ತಿಂದು ಮನೆಗೆ ಹೋಗುತ್ತೇವೆ. ಬಾಣಲೆಯ ಮುಂದೆ ನಿಂತವನು ರಾತ್ರಿಯವರೆಗೂ ಅಲ್ಲೇ ಇರುತ್ತಾನೆ. ಶಾದಿಮಹಲಿನ ಹಿಂದೆ ಸೌದೆ ಒಟ್ಟಿ ದೇಗು ಏರಿಸುವ ಬಾಣಸಿಗನ ಬಿರಿಯಾನಿಯನ್ನು ನಾವು ಹೊಗಳುತ್ತೇವೆ. ಅವನ ಕೆಮ್ಮನ್ನು ಎಂದಾದರೂ ಕೇಳಿಸಿಕೊಂಡಿದ್ದೇವೆಯೇ?

2019ರಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮಕ್ಕೆ ರಾಜ್ಯದಿಂದ ಆಯ್ಕೆಯಾದದ್ದು ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ ಮತ್ತು ಕಲಬುರಗಿ. ಬಳ್ಳಾರಿಯಿಲ್ಲ. ಇಲ್ಲದ ಪಟ್ಟಿಗೆ ಸೇರಿಸಿ ಎಂದು ಕೇಳುವವರೂ ಕಡಿಮೆ.

ಹಾಗೆಂದು ಬಂಡಿಗಳ ಮೇಲೆ ಲಾಠಿ ಬೀಸಿ ಎಂದು ನಾವು ಹೇಳುತ್ತಿಲ್ಲ. ಸೌದೆ, ಇದ್ದಿಲು ಬಳಸುವ ಬೇಕರಿಗಳು ಆರು ತಿಂಗಳಲ್ಲಿ ಇಂಧನ ಬದಲಿಸಬೇಕೆಂದು ಬಾಂಬೆ ಹೈಕೋರ್ಟ್ 2025ರ ಜನವರಿಯಲ್ಲಿ ಸೂಚಿಸಿತು. ಉದ್ದೇಶ ಸರಿಯೇ. ಆದರೆ ಸಣ್ಣ ಭಟ್ಟಿಯವನಿಗೆ ಗಡುವಿನ ಜೊತೆ ನೆರವನ್ನೂ ಕೊಡದಿದ್ದರೆ ಗಾಳಿ ಶುದ್ಧವಾಗುವ ಮೊದಲೇ ಅವನ ಒಲೆ ಆರುತ್ತದೆ.

ಆದ್ದರಿಂದ ನಮ್ಮ ಬೇಡಿಕೆ ಸ್ಪಷ್ಟ. ದೊಡ್ಡ ಹೋಟೆಲು, ಶಾದಿಮಹಲುಗಳ ಪರವಾನಗಿಗೆ ಎತ್ತರದ ಚಿಮಣಿ, ಹೊಗೆ ಹೀರುವ ಯಂತ್ರ ಕಡ್ಡಾಯವಾಗಲಿ. ಬಂಡಿಯವರಿಗೆ ಒಲೆ ಬದಲಿಸಲು ಸಾಲ ಸಿಗಲಿ. ಬಡ ಮನೆಗಳಿಗೆ ಅಕ್ಕಿಯ ಜೊತೆ ಅದನ್ನು ಬೇಯಿಸುವ ಇಂಧನವೂ ಕೈಗೆಟುಕಲಿ. ಅಲ್ಲಿಯವರೆಗೆ ಕನಿಷ್ಠ ಅಡುಗೆಮನೆಗೊಂದು ಕಿಟಕಿಯನ್ನಾದರೂ ನಾವೇ ತೆರೆಯೋಣ. ಅದಕ್ಕೆ ಯಾವ ಸರ್ಕಾರದ ಆದೇಶವೂ ಬೇಕಿಲ್ಲ.