ಮೈನೆರೆದವಳು, ಮದುವೆಯಾಗದವಳು

ದೋಹಾದ ಕನ್ನಡ ಮನೆಗಳಲ್ಲಿ ಹೆಣ್ಣುಮಗಳು 'ದೊಡ್ಡವಳಾದ' ಸುದ್ದಿ ಈಗ ವಾಟ್ಸಾಪಿನಲ್ಲಿ ಬರುತ್ತದೆ. ಸೋದರಮಾವ ಹಸಿರು ಸೊಪ್ಪಿನ ಗುಡಿಸಲು ಹಾಕಲು ಇಲ್ಲಿ ಸೊಪ್ಪಿಲ್ಲ. ಬಾಡಿಗೆ ಫ್ಲಾಟಿನ ಹಜಾರದಲ್ಲಿಯೇ ಸೀರೆ, ಆರತಿ, ಚಿಗಳಿ, ತಂಬಿಟ್ಟು. ಅಪ್ಪನ ಸಹೋದ್ಯೋಗಿಗಳಿಗೂ ತನ್ನ ಮುಟ್ಟಿನ ದಿನ ತಿಳಿದುಹೋಯಿತೆಂಬ ಸಂಕೋಚದಲ್ಲಿ ಹುಡುಗಿ ತಲೆತಗ್ಗಿಸಿ ಕುಳಿತಿರುತ್ತಾಳೆ. ಗಂಡುಮಕ್ಕಳಿಗಾದರೆ, ಅದೂ ಕೆಲವೇ ಜಾತಿಗಳಲ್ಲಿ, ಬೇಸಿಗೆ ರಜೆಗೆ ಊರಿಗೆ ಹೋಗಿ ಉಪನಯನ.

ಮುಟ್ಟನ್ನು ಮುಚ್ಚಿಡದೆ ಸಂಭ್ರಮಿಸುವುದು ಪ್ರಗತಿಪರವಲ್ಲವೇ ಎಂದು ಕೇಳುವ ಗೆಳೆಯರಿದ್ದಾರೆ. ಒಸಗೆ ಸಾರುವುದು ಮುಟ್ಟಿನ ಘನತೆಯನ್ನಲ್ಲ, ಹುಡುಗಿ ಮದುವೆಗೆ ಒದಗಿದಳೆಂಬುದನ್ನು. ಮರುತಿಂಗಳು ಅದೇ ಹುಡುಗಿಗೆ ದೇವರ ಕೋಣೆಯ ಬಾಗಿಲು ಮುಚ್ಚುತ್ತದೆ.

ಕತಾರಿನ 2015ರ 21ನೇ ಕಾನೂನಿನಲ್ಲಿ ಕುಟುಂಬದ ವಾಸ ಪರವಾನಗಿಯ ನಿಯಮವನ್ನು ಓದಿ ನೋಡಿ. ವಿಶ್ವವಿದ್ಯಾಲಯದ ಓದು ಮುಗಿಸದ ಗಂಡುಮಕ್ಕಳಿಗೆ 25ರ ಗಡಿ. ಹೆಣ್ಣುಮಕ್ಕಳಿಗೆ 'ಅವಿವಾಹಿತೆ' ಎಂಬ ಒಂದೇ ಷರತ್ತು. ಮಗನಿಗೆ ವಯಸ್ಸು ಅಳತೆ, ಮಗಳಿಗೆ ಮದುವೆ. ಉದ್ಯೋಗ ಹಿಡಿದು ಸ್ಪಾನ್ಸರ್ ಬದಲಿಸಿಕೊಳ್ಳಬಹುದು, ನಿಜ. ಆದರೂ ಅಪ್ಪನಿಂದ ಗಂಡನಿಗೆ ದಾಟುವವಳೆಂಬ ನಮ್ಮ ಅಡುಗೆಮನೆಯ ಶಾಸ್ತ್ರವನ್ನೇ ಈ ಕಾನೂನೂ ಹೇಳುತ್ತದೆ. ಕಫಾಲಾ ವ್ಯವಸ್ಥೆಯನ್ನು ಖಂಡಿಸಿ ಲೇಖನ ಬರೆಯುವ ನಾವು ಮನೆಯೊಳಗಿನ ಕಫೀಲನ ಬಗ್ಗೆ ಮಾತ್ರ ಮೌನಿಗಳು.

ಯುದ್ಧದಲ್ಲಿ ಸೋತ ಜಪಾನಿನಲ್ಲಿ, 1946ರ ನವೆಂಬರಿನಲ್ಲಿ, ಸೈತಾಮಾ ಪ್ರಾಂತದ ವಾರಾಬಿ ಎಂಬ ಊರು ತನ್ನ ಎಳೆಯರಿಗೆ ಧೈರ್ಯ ತುಂಬಲು ಯುವಜನರ ಹಬ್ಬವೊಂದನ್ನು ನಡೆಸಿತು. ಇಂದಿನ ಪ್ರೌಢದಿನದ ಮೂಲವನ್ನು ಅಲ್ಲಿ ಗುರುತಿಸುತ್ತಾರೆ. 1948ರ ಕಾನೂನು ಅದನ್ನು ರಾಷ್ಟ್ರೀಯ ರಜೆಯಾಗಿಸಿತು. 2000ದಿಂದ ಅದು ಜನವರಿಯ ಎರಡನೆಯ ಸೋಮವಾರ. 2022ರಲ್ಲಿ ಪ್ರೌಢವಯಸ್ಸು 18ಕ್ಕಿಳಿದರೂ ಹೆಚ್ಚಿನ ಊರುಗಳು ಇಪ್ಪತ್ತಾದವರನ್ನೇ ಕರೆಯುತ್ತಿವೆ. ಅಲ್ಲಿಯೂ ಎಲ್ಲವೂ ನೆಟ್ಟಗಿಲ್ಲ: ಹುಡುಗಿಯರು ತೊಡುವ ಉದ್ದ ತೋಳಿನ ಫುರಿಸೋದೆ ಅವಿವಾಹಿತೆಯರ ಉಡುಪು, ಅದರ ಬಾಡಿಗೆಯೇ ದೊಡ್ಡ ವ್ಯಾಪಾರ. ಆದರೆ ಆಹ್ವಾನ ನಗರಸಭೆಯದು, ಅದಕ್ಕೆ ಆಧಾರ ಹುಟ್ಟಿದ ವರ್ಷ. ಜನಿವಾರವನ್ನೂ ಮುಟ್ಟನ್ನೂ ಅಲ್ಲಿ ಯಾರೂ ವಿಚಾರಿಸುವುದಿಲ್ಲ.

ನಮ್ಮ ಮಕ್ಕಳಿಗೆ 18 ತುಂಬಿದ ದಿನ ಕತಾರು ಕರೆಯುವುದಿಲ್ಲ, ಕರ್ನಾಟಕವೂ ಕರೆಯುವುದಿಲ್ಲ. ಆ ಕರೆ ಇಲ್ಲಿನ ಕನ್ನಡ ಸಂಘಗಳಿಂದ ಬರಬೇಕು. ರಾಜ್ಯೋತ್ಸವದ ಸನ್ಮಾನಗಳಿಂದ ಅರ್ಧ ಗಂಟೆ ಕಡಿತ ಮಾಡಿದರೆ ಸಾಕು. ಆ ವರ್ಷ ಹದಿನೆಂಟಾದವರೆಲ್ಲ, ಹೆಣ್ಣು ಗಂಡೆನ್ನದೆ, ಜಾತಿ ಮತವೆನ್ನದೆ, ವೇದಿಕೆಗೆ ಬರಲಿ. ಇಂಡಸ್ಟ್ರಿಯಲ್ ಏರಿಯಾದ ಕ್ಯಾಂಪುಗಳಲ್ಲಿ ದುಡಿಯುವ ಇಪ್ಪತ್ತರ ಆಸುಪಾಸಿನ ಹುಡುಗರೂ ಬರಲಿ. ಆರತಿಯಿಲ್ಲದೆ, ಕೆಲಸದ ಕರಾರಿಗೆ ಸಹಿ ಹಾಕಿ ದೊಡ್ಡವರಾದವರು ಅವರು. ಶಾಲಿನ ಬದಲು ಸಾಗರೋತ್ತರ ಮತದಾರರ ನಮೂನೆ 6ಎ ಅವರ ಕೈಗಿಡೋಣ. 2011ರಿಂದ ಆ ಹಕ್ಕು ಇದೆ, ಆದರೆ ಮತ ಹಾಕಲು ಊರಿನ ಮತಗಟ್ಟೆಗೇ ಹೋಗಬೇಕು. ಟಿಕೆಟ್ ದುಡ್ಡು ಯಾರು ಕೊಡುತ್ತಾರೆಂದು ಆ ಹುಡುಗರು ಕೇಳಿಯೇ ಕೇಳುತ್ತಾರೆ. ಕೇಳಲಿ, ಮೈಕು ಅವರ ಕೈಯಲ್ಲಿರುವಾಗಲೇ.