ಹೊಳೆ ದಾಟಿಸಿದ ಬೆಕ್ಕು

ನಮ್ಮ ಕಪಿಲಾತೀರದ ಊರುಗಳಲ್ಲಿ ಬೆಕ್ಕನ್ನು ‘ಹೊಳೆ ದಾಟಿಸುವುದು’ ಎಂಬ ಒಂದು ಮಾತು ಉಂಟು. ಮನೆಯ ಬೆಕ್ಕು ಮೂರನೆಯ ಸಲ ಮರಿ ಹಾಕಿದಾಗಲೋ, ಕಾಸಿಟ್ಟ ಹಾಲಿಗೆ ಬಾಯಿಟ್ಟಿತೆಂದು ಮನೆಯೊಡತಿ ಸಿಡುಕಿದಾಗಲೋ, ಬಾಡಿಗೆಗೆ ಹಿಡಿದ ಹೊಸ ಮನೆಯ ಒಡೆಯರು ಒಲ್ಲೆವೆಂದಾಗಲೋ, ಅದನ್ನು ಗೋಣಿಚೀಲದೊಳಗೆ ತುಂಬಿ, ಬಾಯಿಗೆ ಹುರಿ ಬಿಗಿದು, ನೀರಿನಾಚೆಗೆ ಒಯ್ದು ಬಿಟ್ಟು ಬಂದರೆ ಮರಳಿ ದಾರಿ ಹಿಡಿಯಲಾರದೆಂಬ ನಂಬಿಕೆಯಿಂದ ಹುಟ್ಟಿದ ಮಾತಿದು. ಕೊಂದ ಪಾಪ ತಮಗೆ ತಟ್ಟದೆಂದೂ, ಎಲ್ಲಿಯಾದರೂ ಬದುಕಿಕೊಳ್ಳಲೆಂದೂ ಮನಸ್ಸಿಗೆ ಸಮಾಧಾನ ಹೇಳಿಕೊಂಡು ಸಜ್ಜನರೇ ಈ ಕೆಲಸವನ್ನು ಮಾಡುತ್ತಾರೆ. ಹಾಗೆ ದಾಟಿಸಲ್ಪಟ್ಟ ಒಂದು ಜೀವದೊಡನೆ ಒಂದು ವರ್ಷ ಬಾಳಿದ ಮೇಲೆ, ಆ ಸಮಾಧಾನಕ್ಕೆ ಎಳ್ಳಷ್ಟೂ ಆಧಾರವಿಲ್ಲವೆಂದು ಹೇಳಬೇಕೆನಿಸಿ ಇದನ್ನು ಬರೆಯುತ್ತಿದ್ದೇನೆ.

2025ರ ಫೆಬ್ರವರಿಯಲ್ಲಿ ತಿರುಮಕೂಡಲಿನ ಕುಂಭಮೇಳ ಮುಗಿದ ಮರುವಾರ, ಜನಜಂಗುಳಿ ಕರಗಿದ ಮೇಲೆ ಸಾವಕಾಶವಾಗಿ ಸಂಗಮದ ಸ್ನಾನ ಮುಗಿಸಿ ಗುಂಜಾನರಸಿಂಹಸ್ವಾಮಿಯ ದರ್ಶನ ಮಾಡಿ ಬರೋಣವೆಂದು ನಂಜನಗೂಡಿನಿಂದ ಟಿ. ನರಸೀಪುರಕ್ಕೆ ಹೋಗಿದ್ದೆ. ಮೆಟ್ಟಿಲುಗಳ ಮಗ್ಗುಲಿಗೆ, ಮೇಳದಲ್ಲಿ ಉಳಿದ ಎಲೆ, ಕಾಗದ, ಹರಿದ ಪೆಂಡಾಲಿನ ಬಟ್ಟೆಗಳ ರಾಶಿಯ ನಡುವೆ ಒಂದು ಚೀಲ ಮಿಸುಕುತ್ತಿತ್ತು. ಬಿಚ್ಚಿ ನೋಡಿದರೆ ಎಂಟು ತಿಂಗಳ ಪ್ರಾಯದ ಒಂದು ಹೆಣ್ಣುಬೆಕ್ಕು. ಕಂದುಹಳದಿಯ ಮೈಮೇಲೆ ಹುಲಿಪಟ್ಟೆ, ಬಲಗಿವಿಯ ತುದಿ ಹರಿದು ಒಣಗಿದ ಗಾಯ, ಹುರಿಯನ್ನು ಕಚ್ಚಿ ಕಚ್ಚಿ ರಕ್ತ ಕಟ್ಟಿದ ಒಸಡು. ಚೀಲದಿಂದ ಹೊರಬಂದು ಓಡಲಿಲ್ಲ, ಓಡುವ ಶಕ್ತಿಯಿರಲಿಲ್ಲ. ಹೂವಾಡಿಗಿತ್ತಿಯೊಬ್ಬಳು ಕೊಟ್ಟ ಹಳೆಯ ಕುಕ್ಕೆಯಲ್ಲಿ ಅದನ್ನಿರಿಸಿ, ಮೇಲೆ ಟವಲು ಹೊದಿಸಿ, ಸುತ್ತೂರಿನ ಮೇಲೆ ಬರುವ ಬಸ್ಸಿನಲ್ಲಿ ಊರಿಗೆ ತಂದೆ. ಕಪಿಲೆಯ ದಡದಲ್ಲಿ ದೊರೆತದ್ದು, ಮೈಬಣ್ಣವೂ ಕಪಿಲವರ್ಣ. ಆದುದರಿಂದ ನಮ್ಮ ತಾಯಿಯವರು ಅದನ್ನು ಕಪಿಲೆ ಎಂದೇ ಕರೆದರು.

ನಮ್ಮ ಮನೆಯಾದರೋ ಬರಿಯ ಮನುಷ್ಯರ ಮನೆಯಲ್ಲ. ಹಿತ್ತಲ ಕೊಟ್ಟಿಗೆಯಲ್ಲಿ ಒಂದು ಹಸು. ಬೀದಿಯಿಂದಲೇ ಬಂದು ಆರು ವರ್ಷಗಳಿಂದ ನಡುಮನೆಯ ಹೊಸ್ತಿಲನ್ನು ತನ್ನದೆಂದು ಮಾಡಿಕೊಂಡಿರುವ ಕರಿಯನೆಂಬ ನಾಟಿ ನಾಯಿ. ಹತ್ತು ವರ್ಷ ದಾಟಿದ, ಕೋಪ ಹೆಚ್ಚು ಮಾತು ಕಡಿಮೆಯ ಚಿನ್ನಿಯೆಂಬ ಬಿಳಿಯ ಬೆಕ್ಕು. ಇಷ್ಟು ಜೀವಗಳಿಗೆ ಎಡೆಯಿರುವ ಕಡೆ ಇನ್ನೊಂದಕ್ಕೆ ಇಲ್ಲವಾದೀತೆ ಎಂಬ ಧೈರ್ಯದಿಂದ ಕುಕ್ಕೆಯನ್ನು ನೇರವಾಗಿ ನಡುಮನೆಯಲ್ಲಿಳಿಸಿ, ಬಟ್ಟಲ ತುಂಬ ಹಾಲಿಟ್ಟು, ಅದು ಕುಡಿಯುವುದನ್ನು ನೋಡುವ ಸಂತೋಷಕ್ಕಾಗಿ ಎದುರಿಗೆ ಕುಳಿತೆ. ಕರಿಯ ಬಾಲವಾಡಿಸುತ್ತಲೇ ಬಂದು ಮೂಸಿದ. ಚಿನ್ನಿ ಬೆನ್ನು ಬಿಲ್ಲು ಮಾಡಿ ಬುಸುಗುಟ್ಟಿತು. ಕಪಿಲೆ ಹಾಲಿನ ಬಟ್ಟಲನ್ನು ಉರುಳಿಸಿ, ನನ್ನ ಮುಂಗೈಯನ್ನು ಪರಚಿ, ಅಟ್ಟವನ್ನೇರಿ ಹಳೆಯ ಪೆಟ್ಟಿಗೆಗಳ ಹಿಂದೆ ಸೇರಿದ್ದು ಮೂರು ಹಗಲು ಮೂರು ರಾತ್ರಿ ಕೆಳಗಿಳಿಯಲಿಲ್ಲ.

ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆಯನ್ನು ಕೇಳದ ಕನ್ನಡದ ಮಗುವಿಲ್ಲ. ಇಲಿಗಳ ಕಾಟ ತಡೆಯಲು ರಾಯನು ಮನೆಮನೆಗೆ ಬೆಕ್ಕನ್ನೂ ಅದರ ಹಾಲಿಗೆಂದು ಹಸುವನ್ನೂ ಕೊಡಿಸಿದನಂತೆ. ರಾಮಕೃಷ್ಣನು ಮೊದಲ ದಿನವೇ ಕುದಿಯುವ ಹಾಲನ್ನಿಟ್ಟು ಅದರ ನಾಲಗೆ ಸುಡಿಸಿದನಂತೆ. ಆಮೇಲೆ ರಾಜಸಭೆಯಲ್ಲಿ ಹಾಲನ್ನು ಕಂಡೊಡನೆ ಅದು ಓಡಿತಂತೆ. ಚಿಕ್ಕಂದಿನಲ್ಲಿ ಅಜ್ಜಿಯ ತೊಡೆಯ ಮೇಲೆ ಮಲಗಿ ಈ ಕಥೆಗೆ ನಕ್ಕವನು ನಾನೂ ಹೌದು. ಅಟ್ಟದ ಕತ್ತಲೆಯಲ್ಲಿ ಹೊಳೆಯುತ್ತಿದ್ದ ಆ ಎರಡು ಕಣ್ಣುಗಳನ್ನು ನೋಡುತ್ತ ನಿಂತಾಗ, ಆ ಕಥೆಯಲ್ಲಿ ಬೆಕ್ಕಿನ ಕಡೆಯಿಂದ ಯಾರೂ ಒಂದು ಮಾತನ್ನೂ ಆಡಿಲ್ಲವೆಂಬುದು ಮೊದಲ ಬಾರಿಗೆ ಹೊಳೆಯಿತು. ನೊಂದ ಪ್ರಾಣಿಗೆ ಹಾಲು ಹಾಲಲ್ಲ, ಕೈ ಕೈಯಲ್ಲ. ಅವೆಲ್ಲ ಹಿಂದೊಮ್ಮೆ ತನ್ನನ್ನು ಸುಟ್ಟ ವಸ್ತುಗಳು.

ನಾಲ್ಕನೆಯ ದಿನ ತಾಯಿಯವರು ನನ್ನನ್ನು ಕರೆದು ಹೇಳಿದರು: “ಏನಪ್ಪಾ, ಹೊಸ ಸೊಸೆ ಬಂದ್ರೆ ಬಂದ ದಿನಾನೇ ಮನೆ ಜನನೆಲ್ಲ ಅವಳ ಸುತ್ತ ನಿಲ್ಲಿಸಿ ನೋಡ್ತಾರಾ? ಅದೂ ಒಂದು ಜೀವ ಕಣಪ್ಪ. ಒಂದು ಕೋಣೆ ಬಿಟ್ಟುಕೊಡು, ಅದರ ಪಾಡಿಗೆ ಅದಿರಲಿ.” ಅದೇ ದಿನ ಕಂಡ ಪಶುವೈದ್ಯರ ಮಾತೂ ಬೇರೆಯಾಗಿರಲಿಲ್ಲ. ಹೊಸದಾಗಿ ಬಂದ ಬೆಕ್ಕನ್ನು ಕನಿಷ್ಠ ಎರಡು ವಾರ ಪ್ರತ್ಯೇಕವಾಗಿರಿಸುವುದು, ಅದರಲ್ಲಿ ಅಡಗಿರಬಹುದಾದ ರೋಗ ಮನೆಯ ಬೆಕ್ಕಿಗೆ ತಗುಲದಂತೆ ನೋಡಿಕೊಳ್ಳುವ ಉಪಾಯವೂ ಹೌದು, ಅದರ ಭಯ ಇಳಿಯಲು ಕೊಡುವ ಅವಕಾಶವೂ ಹೌದು. ಪರಚಿದ ಗಾಯವನ್ನು ನಾನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದಿದ್ದೆ. ಆದರೂ ಅವರು ನನ್ನನ್ನು ಬಿಡದೆ ಹುಚ್ಚುನಾಯಿ ರೋಗದ ಚುಚ್ಚುಮದ್ದಿಗೆ ಕಳುಹಿಸಿದರು. ಆ ರೋಗ ಬೆಕ್ಕಿನಿಂದಲೂ ಬರುವುದೆಂಬುದನ್ನು ನಮ್ಮ ಜನ ಮರೆಯಬಾರದು. ಕಪಿಲೆಗೆ ಅದರ ಲಸಿಕೆಯೂ, ಬೆಕ್ಕುಗಳಿಗೆಂದೇ ಇರುವ ಮತ್ತೊಂದು ಲಸಿಕೆಯೂ ಆದವು.

ಆಹಾರದ ವಿಚಾರದಲ್ಲಿ ಒಂದು ಮಾತನ್ನು ಹೇಳಲೇಬೇಕು. ನಮ್ಮದು ಸಸ್ಯಾಹಾರದ ಮನೆ. ನಂಜನಗೂಡಿನಲ್ಲಿ ಇಂಥ ಮನೆಗಳು ಬಹಳ. ಹಾಲನ್ನ ಕಲಸಿಟ್ಟರೆ ಬೆಕ್ಕಿಗೆ ಸಾಕೆಂದು ನಾವೆಲ್ಲ ತಿಳಿದಿದ್ದೇವೆ. ವಾಸ್ತವದಲ್ಲಿ ಬೆಳೆದ ಬೆಕ್ಕುಗಳಲ್ಲಿ ಹಲವಕ್ಕೆ ಹಾಲು ಸರಿಯಾಗಿ ಜೀರ್ಣವೇ ಆಗುವುದಿಲ್ಲ. ಇನ್ನು ಟಾರಿನ್ ಎಂಬ ಸತ್ತ್ವವನ್ನು ಬೆಕ್ಕಿನ ದೇಹ ಸಾಲುವಷ್ಟು ತಾನಾಗಿ ತಯಾರಿಸಿಕೊಳ್ಳಲಾರದಾದ್ದರಿಂದ, ಮಾಂಸದಿಂದಲೋ ಮೀನಿನಿಂದಲೋ ಅದು ದೊರೆಯದಿದ್ದರೆ ಕಾಲಕ್ರಮದಲ್ಲಿ ಕಣ್ಣೂ ಹೃದಯವೂ ಕೆಡುತ್ತವೆ. ತಾಯಿಯವರು ಎರಡು ದಿನ ಯೋಚಿಸಿ, ಅಂಗಡಿಯಲ್ಲಿ ಸಿಗುವ ಬೆಕ್ಕಿನ ಆಹಾರವನ್ನು ಹಿತ್ತಲ ಜಗಲಿಯ ಕೋಣೆಯಲ್ಲಿ ಇಡಲು ಒಪ್ಪಿದರು. ತಮ್ಮ ಆಚಾರವನ್ನು ತಾವು ಉಳಿಸಿಕೊಂಡೂ ಬೆಕ್ಕಿನ ಧರ್ಮವನ್ನು ಬೆಕ್ಕಿಗೆ ಬಿಟ್ಟುಕೊಟ್ಟ ಆ ನಿರ್ಣಯವನ್ನು ನಾನು ಗೌರವದಿಂದ ನೆನೆಯುತ್ತೇನೆ.

ಕಪಿಲೆಗೆ ಬಿಟ್ಟುಕೊಟ್ಟ ಆ ಕೋಣೆಯ ಬಾಗಿಲನ್ನು ಮುಚ್ಚಿಯೇ ಮೂರು ಜೀವಗಳ ಪರಿಚಯ ಆರಂಭವಾಯಿತು. ನಮಗೆ ಮುಖ ಹೇಗೋ ಬೆಕ್ಕಿಗೆ ವಾಸನೆ ಹಾಗೆ. ಅದರ ಕೆನ್ನೆಗಳಲ್ಲಿ ಗಂಧಗ್ರಂಥಿಗಳಿವೆ. ಕಂಬಕ್ಕೂ ಕಾಲಿಗೂ ಅದು ಕೆನ್ನೆ ಉಜ್ಜುವುದು ‘ಇದು ನನ್ನ ಠಾವು’ ಎಂದು ಬರೆದಿಡುವ ರೀತಿ. ಆದುದರಿಂದ ಕಪಿಲೆ ಮಲಗಿದ ಹಳೆಯ ಪಂಚೆಯ ತುಂಡನ್ನು ಚಿನ್ನಿಯ ಬಳಿಯೂ, ಚಿನ್ನಿಯ ಹಾಸನ್ನು ಕಪಿಲೆಯ ಬಳಿಯೂ ಹಾಕಿದೆವು. ಬಾಗಿಲಿನ ಒಳಗೊಂದು ಹೊರಗೊಂದು ತಟ್ಟೆಯಿಟ್ಟು, ದಿನಕ್ಕೊಂದು ಗೇಣಿನಂತೆ ತಟ್ಟೆಗಳನ್ನು ಹತ್ತಿರ ತಂದೆವು. ಮರಳಿನ ತಟ್ಟೆ ಬೆಕ್ಕುಗಳ ಸಂಖ್ಯೆಗಿಂತ ಒಂದು ಹೆಚ್ಚಿರಬೇಕೆಂದು ವೈದ್ಯರು ಹೇಳಿದ್ದರಿಂದ ಮೂರನ್ನಿಟ್ಟೆವು. ಬೆಕ್ಕಿನ ಮರಿ ಎರಡನೆಯ ವಾರದಿಂದ ಏಳನೆಯ ವಾರದವರೆಗೆ ಮನುಷ್ಯನ ಕೈಯನ್ನು ಕಂಡಿದ್ದರೆ ಸುಲಭವಾಗಿ ನೆಚ್ಚುತ್ತದೆ. ಆ ಕಾಲ ಕಳೆದ ಮೇಲೆ ನಂಬಿಕೆ ಗುಲಗಂಜಿಯಷ್ಟು ಗುಲಗಂಜಿಯಷ್ಟಾಗಿ ಬೆಳೆಯಬೇಕು. ಕಾಶಿಗಿಂತ ಗುಲಗಂಜಿ ತೂಕ ಹೆಚ್ಚೆಂದು ಹೆಸರಾದ ಕ್ಷೇತ್ರದಿಂದ ಬಂದ ಬೆಕ್ಕಿಗೆ ಈ ಅಳತೆ ಸಲ್ಲುವುದೆಂದು ನನಗೆ ತೋರಿತು.

ಇಷ್ಟರಲ್ಲಿ ಚಿನ್ನಿ ಊಟ ಬಿಟ್ಟಿತು. ಒಂದು ಬೆಳಿಗ್ಗೆ ನನ್ನ ಹಾಸಿಗೆಯ ಮೇಲೆಯೇ ಮೂತ್ರ ಮಾಡಿತು. ಹೊಟ್ಟೆಕಿಚ್ಚೆಂದು ಮನೆಯವರು ಅಂದರು. ನನಗೆ ಹಾಗೆನಿಸಲಿಲ್ಲ. ಹತ್ತು ವರ್ಷ ತನ್ನದಾಗಿದ್ದ ಮನೆಯಲ್ಲಿ ಅರ್ಧ ಭಾಗ ಯಾರನ್ನೂ ಕೇಳದೆ ಹೋದಾಗ ಮುದಿಜೀವಕ್ಕೆ ಆಗುವ ದಿಗಿಲು ಅದು. ಒಂದನ್ನು ರಕ್ಷಿಸಿದೆನೆಂಬ ಉತ್ಸಾಹದಲ್ಲಿ, ಮೊದಲಿನಿಂದಲೂ ನಮ್ಮನ್ನು ನಂಬಿದವರಿಗೆ ಅನ್ಯಾಯವೆಸಗುವುದು ಕರುಣೆಯಲ್ಲ. ಅಂದಿನಿಂದ ಮೊದಲ ತಟ್ಟೆ ಚಿನ್ನಿಗೆ, ಮೊದಲ ಮಾತು ಕರಿಯನಿಗೆ, ಆಮೇಲೆ ಕಪಿಲೆಗೆ ಎಂದು ಕ್ರಮ ಮಾಡಿದೆವು.

ಶ್ರೀವೈಷ್ಣವ ಸಿದ್ಧಾಂತದಲ್ಲಿ ಮಾರ್ಜಾಲಕಿಶೋರ ನ್ಯಾಯ, ಮರ್ಕಟಕಿಶೋರ ನ್ಯಾಯವೆಂಬ ಎರಡು ದೃಷ್ಟಾಂತಗಳಿವೆ. ಬೆಕ್ಕಿನ ಮರಿ ಏನನ್ನೂ ಮಾಡದೆ ಸುಮ್ಮನಿರುತ್ತದೆ, ತಾಯಿಯೇ ಕತ್ತು ಕಚ್ಚಿ ಒಯ್ಯುತ್ತದೆ. ಕೋತಿಯ ಮರಿ ತಾನೇ ತಾಯಿಯ ಹೊಟ್ಟೆಯನ್ನು ಅವುಚಿ ಹಿಡಿಯುತ್ತದೆ. ಭಗವಂತನ ಕೃಪೆ ಯಾವ ಬಗೆಯದೆಂಬ ವಿಚಾರ ಆಚಾರ್ಯರಿಗೆ ಸೇರಿದ್ದು. ಬಸ್ಸಿನಲ್ಲಿ ಕುಕ್ಕೆಯನ್ನು ತೊಡೆಯ ಮೇಲಿಟ್ಟುಕೊಂಡು ಬರುವವರೆಗೆ ಮೊದಲಿನ ನ್ಯಾಯ ಸಾಕಾಯಿತು. ಮನೆಯೊಳಗೆ ಕಾಲಿಟ್ಟ ಮೇಲೆ, ಬೆಕ್ಕೇ ಆದರೂ, ಹಿಡಿಯಬೇಕಾದದ್ದು ಅದು, ಕಾಯಬೇಕಾದದ್ದು ನಾನು.

ಕಾದೆ. ದಿನವೂ ಸಂಜೆ ದೀಪ ಹಚ್ಚಿದ ಮೇಲೆ ಅರ್ಧ ಗಂಟೆ, ಕಪಿಲೆಯ ಕಡೆಗೆ ಓರೆಯಾಗಿ ಬೆನ್ನು ಮಾಡಿ, ನೆಲದ ಮೇಲೆ ಕುಳಿತು ಪತ್ರಿಕೆ ಓದುತ್ತಿದ್ದೆ. ಕೈ ಚಾಚಲಿಲ್ಲ, ಕರೆಯಲಿಲ್ಲ. ಇಪ್ಪತ್ತಮೂರನೆಯ ಸಂಜೆ ಅದು ಪೆಟ್ಟಿಗೆಯ ಮೇಲಿನಿಂದ ನನ್ನನ್ನೇ ನೋಡುತ್ತಿತ್ತು. ನಾನು ಕಣ್ಣುಗಳನ್ನು ನಿಧಾನವಾಗಿ ಅರೆಮುಚ್ಚಿ ತೆರೆದೆ. ಸ್ವಲ್ಪ ಹೊತ್ತಿಗೆ ಕಪಿಲೆಯೂ, ನಿದ್ದೆ ಬಂದವರಂತೆ, ರೆಪ್ಪೆಗಳನ್ನು ಇಳಿಸಿ ಎತ್ತಿತು. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರಜ್ಞರು 2020ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಹೀಗೆ ಮೆಲ್ಲಗೆ ಕಣ್ಣು ಮಿಟುಕಿಸುವ ಮನುಷ್ಯನಿಗೆ ಬೆಕ್ಕು ಅದೇ ರೀತಿ ಉತ್ತರ ಕೊಡುವುದೆಂದೂ, ಅವನ ಕೈಯ ಬಳಿಗೆ ಹೆಚ್ಚು ಸುಲಭವಾಗಿ ಬರುವುದೆಂದೂ ತೋರಿಸಿದ್ದಾರೆ. ‘ನಾಯಿ ಒಡೆಯನನ್ನು ಬಲ್ಲದು, ಬೆಕ್ಕು ಮನೆಯನ್ನು ಮಾತ್ರ ಬಲ್ಲದು’ ಎಂಬ ನಮ್ಮ ರೂಢಿಯ ಮಾತೂ ಪರೀಕ್ಷೆಗೆ ನಿಲ್ಲುವುದಿಲ್ಲ: ಅಮೆರಿಕದ ಆರೆಗಾನ್ ರಾಜ್ಯ ವಿಶ್ವವಿದ್ಯಾನಿಲಯದವರು 2019ರಲ್ಲಿ ಪ್ರಕಟಿಸಿದಂತೆ, ಪರೀಕ್ಷಿಸಿದ ಬೆಕ್ಕುಗಳಲ್ಲಿ ನೂರಕ್ಕೆ ಅರವತ್ತಕ್ಕೂ ಹೆಚ್ಚು, ಮಗು ತಾಯಿಯನ್ನು ನೆಚ್ಚುವಂತೆಯೇ ತಮ್ಮನ್ನು ಸಾಕಿದವರನ್ನು ನೆಚ್ಚಿದ್ದವು.

ಏಪ್ರಿಲ್‌ನಲ್ಲಿ ದೊಡ್ಡಜಾತ್ರೆ ಬಂತು. ಶ್ರೀಕಂಠೇಶ್ವರನ ಪಂಚ ಮಹಾರಥೋತ್ಸವದ ನಗಾರಿ, ಪಟಾಕಿ, ಜನರ ಜಯಘೋಷಗಳಿಗೆ ನಮ್ಮ ಹೆಂಚುಗಳೇ ಅದುರುತ್ತಿದ್ದವು. ಪ್ರಾಣಿಗಳೆಲ್ಲಿ ಹೋದವೆಂದು ಹುಡುಕಿದರೆ, ತಾಯಿಯವರ ಮಂಚದ ಕೆಳಗೆ, ಗೋಡೆಯ ಮೂಲೆಯಲ್ಲಿ ಕರಿಯ ನಡುಗುತ್ತ ಮುದುರಿದ್ದ. ಅವನ ಹೊಟ್ಟೆಗೆ ಒತ್ತಿಕೊಂಡು ಕಪಿಲೆ. ಒಂದು ಮೊಳ ಆಚೆಗೆ, ಮುಖ ತಿರುಗಿಸಿಕೊಂಡು, ಆದರೂ ಅದೇ ಮಂಚದ ಕೆಳಗೆ, ಚಿನ್ನಿ. ಮರುದಿನ ಎಲ್ಲರೂ ಮೊದಲಿನಂತೆ ತಮ್ಮ ತಮ್ಮ ಮೂಲೆಗಳಿಗೆ ಹೋದರು. ಚಿನ್ನಿ ಮತ್ತು ಕಪಿಲೆ ಇಂದಿಗೂ ಗೆಳತಿಯರಲ್ಲ. ಒಂದೇ ಬಿಸಿಲಿನಲ್ಲಿ ಎರಡು ಮಾರು ಅಂತರದಲ್ಲಿ ಮಲಗುತ್ತವೆ. ಅಷ್ಟನ್ನೇ ನಾನು ಸೌಹಾರ್ದವೆಂದು ಕರೆಯುತ್ತೇನೆ.

ಹೊಳೆಯಾಚೆಯ ಬೆಕ್ಕು ಬದುಕಿಕೊಳ್ಳುತ್ತದೆಂಬುವರಿಗೆ ನನ್ನ ಪ್ರಶ್ನೆ: ಒಂದು ಮನೆ, ಒಂದು ಕೋಣೆ, ವೈದ್ಯರು, ಔಷಧಿ, ಹೊತ್ತುಹೊತ್ತಿಗೆ ಅನ್ನ ಇಷ್ಟೆಲ್ಲ ಇದ್ದೂ ಹೊಸ ಠಾವನ್ನು ನಂಬಲು ಎರಡು ತಿಂಗಳು ಹಿಡಿದ ಪ್ರಾಣಿ, ಬೇರೆ ಬೆಕ್ಕುಗಳ ಗಡಿಯೊಳಗೆ, ಬೀದಿನಾಯಿಗಳ ನಡುವೆ, ಮಾಘದಲ್ಲಿ ಒಣಗಿದ್ದು ಶ್ರಾವಣದಲ್ಲಿ ಮುಳುಗಬಹುದಾದ ದಂಡೆಯಲ್ಲಿ ಏನು ಮಾಡೀತು? 2019ರ ಆಗಸ್ಟ್‌ನಲ್ಲಿ ಕಪಿಲಾ ಹೊಳೆ ಉಕ್ಕಿದಾಗ ನಮ್ಮೂರಿನ ಹದಿನಾರು ಕಾಲು ಮಂಟಪ ಮುಳುಗಿತ್ತು, ಮಲ್ಲನಮೂಲೆಯ ಬಳಿ ಮೈಸೂರಿನ ಹೆದ್ದಾರಿಯೇ ಕಡಿದಿತ್ತು. ಸಾಕಿದ ಪ್ರಾಣಿಯನ್ನು ಹಸಿವು ನೀರಡಿಕೆಗೆ ಗುರಿಯಾಗುವಂತೆ ಬಿಟ್ಟುಹೋಗುವುದು 1960ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆಯ 11ನೆಯ ಕಲಮಿನಂತೆ ಅಪರಾಧ. ಮೊದಲ ತಪ್ಪಿಗೆ ಅದರಲ್ಲಿ ಬರೆದಿಟ್ಟ ದಂಡ ಹತ್ತರಿಂದ ಐವತ್ತು ರೂಪಾಯಿ. ಅದನ್ನು ಶಾಸನಕರ್ತರು ತಿದ್ದಲೇಬೇಕು.

ಟಿಪ್ಪುವಿನ ಪಟ್ಟದಾನೆಗೆ ಕಣ್ಣು ಹೋದಾಗ ನಂಜುಂಡನ ಸನ್ನಿಧಿಯಲ್ಲಿ ಅದಕ್ಕೆ ದೃಷ್ಟಿ ಮರಳಿತೆಂದೂ, ಅದಕ್ಕಾಗಿ ಅವನು ‘ಹಕೀಂ ನಂಜುಂಡ’ ಎಂದು ಕರೆದು ಪಚ್ಚೆಯ ಲಿಂಗವನ್ನು ಅರ್ಪಿಸಿದನೆಂದೂ ಐತಿಹ್ಯ. ಮೂಕಪ್ರಾಣಿಯ ನೋವಿಗೆ ವೈದ್ಯನಾದ ದೇವರ ಊರಿನವರು ನಾವು. ಹೆಣ್ಣುಬೆಕ್ಕು ಆರು ತಿಂಗಳಿಗೇ ಬಸಿರಾಗಬಲ್ಲದು, ಒಂಬತ್ತು ವಾರಕ್ಕೆ ಈಯುತ್ತದೆ, ವರ್ಷಕ್ಕೆ ಎರಡು ಮೂರು ಸೂಲು ಹಾಕುತ್ತದೆ. ಇದನ್ನು ತಡೆಯುವ ಶಸ್ತ್ರಚಿಕಿತ್ಸೆ ಒಂದು ದಿನದ ಕೆಲಸ. ಕಪಿಲೆಗೆ ಅದು ಜೂನ್‌ನಲ್ಲಿ ಆಯಿತು. ಮೂರನೆಯ ದಿನ ಎಂದಿನಂತೆ ಓಡಾಡಿತು. ನಂಜನಗೂಡು, ಟಿ. ನರಸೀಪುರದ ನನ್ನ ಬಂಧುಗಳೆ, ಮನೆಯಲ್ಲಿ ಬೆಕ್ಕು ಹೆಚ್ಚಾದರೆ ಗೋಣಿಚೀಲವನ್ನು ಹುಡುಕಬೇಡಿ. ತಾಲ್ಲೂಕಿನ ಪಶುವೈದ್ಯರನ್ನು ಕಾಣಿ. ಅವರಲ್ಲಿ ಅನುಕೂಲವಿಲ್ಲದಿದ್ದರೆ ಮೈಸೂರಿನಲ್ಲಿ ಯಾರನ್ನು ಕಾಣಬೇಕೆಂದು ಅವರನ್ನೇ ಕೇಳಿ. ಚೀಲ ಕಂಡವರು ದಯಮಾಡಿ ಬಿಚ್ಚಿ ನೋಡಿ.